ನಾಜೂಕಿನ ಗಾಳ: ಎಲ್ಲಿಯವರೆಗೆ ನಾಜೂಕು?

ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ದೂರವಾಣಿಯಲ್ಲಿ ಮಾತನಾಡುತ್ತ ಒಂದು ಪ್ರಶ್ನೆ ಕೇಳಿದ. ಹತ್ತು ವರ್ಷದ ಅವನ ಮಗನಿಗೆ ಬಾಸ್ ಮೀನು ಹಿಡಿಯುವ ಹುಚ್ಚು ಹತ್ತಿದೆಯಂತೆ. ಸಾಮಾನು ಕೊಳ್ಳಲು ಅಂಗಡಿಗೆ ಹೋದರೆ ಒಂದು ಗೋಡೆಯ ಉದ್ದಕ್ಕೂ ಕೋಲುಗಳು, ಇನ್ನೊಂದು ಗೋಡೆಯ ತುಂಬ ಮೆತ್ತನೆಯ ಪ್ಲಾಸ್ಟಿಕ್ ಹುಳುಗಳು. ಅಂಗಡಿಯವನು ಹೇಳಿದ ಹೆಸರುಗಳಲ್ಲಿ ಒಂದೂ ತಲೆಗೆ ಹೋಗದೆ ತಂದೆ ಮಕ್ಕಳಿಬ್ಬರೂ ಬರಿಗೈಯಲ್ಲಿ ಹಿಂದಿರುಗಿದರಂತೆ. "ಫಿನೆಸ್ ಫಿಶಿಂಗ್ ಅಂತಾರೆ ಸರ್, ಹಾಗಂದರೇನು? ನಾನು ಏನನ್ನು ಕೊಳ್ಳಲಿ?" ಎಂದು ಕೇಳಿದ.

ವಿಜ್ಞಾನ ಕಲಿಸಿದ ಮೇಷ್ಟರನ್ನು ಗಾಳದ ವಿಷಯ ಕೇಳುವುದೇಕೆ ಎಂದು ಹೊಸ ಓದುಗರಿಗೆ ಅನ್ನಿಸಬಹುದು. ನಿವೃತ್ತಿಯ ನಂತರ ಮಿಸೌರಿ ರಾಜ್ಯದಲ್ಲಿರುವ ಮಗಳ ಮನೆಯಲ್ಲಿ ಹಲವು ಬೇಸಿಗೆಗಳನ್ನು ಕಳೆದವನು ನಾನು. ಕಾರು ಓಡಿಸಲು ಬಾರದ ಮುದುಕನಿಗೆ ಅಲ್ಲಿ ನಡೆದು ಹೋಗಬಹುದಾದ ಒಂದೇ ಜಾಗವೆಂದರೆ ಕೆರೆಯ ದಂಡೆ. ಅಲ್ಲಿ ಕಲಿತದ್ದರ ಬಲದ ಮೇಲೆ ಈ ಬರಹ. ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಿದ್ದು ಸಾಲದೆನಿಸಿತು. ಅವನಂಥವರು ಇನ್ನೂ ಕೆಲವರು ನಿಮ್ಮಲ್ಲಿ ಇರಬಹುದೆಂದು ಇಲ್ಲಿ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಫಿನೆಸ್ ಎಂಬುದಕ್ಕೆ ನಾಜೂಕು ಎಂದರೆ ಅರ್ಥ ಸರಿಹೋಗುತ್ತದೆ. ಬಾಸ್ ಮೀನನ್ನು ಹಿಡಿಯುವಲ್ಲಿ ಎರಡು ಮನೋಧರ್ಮಗಳಿವೆ. ಮೊದಲನೆಯದು ಬಲದ ಮಾರ್ಗ: ಗಡುಸಾದ ಕೋಲು, ಹದಿನೈದು ಇಪ್ಪತ್ತು ಪೌಂಡ್ ತಡೆಯುವ ದಾರ, ಅರ್ಧ ಔನ್ಸ್, ಅಂದರೆ ಸುಮಾರು 14 ಗ್ರಾಂ ತೂಕದ, ಗದ್ದಲ ಮಾಡುತ್ತ ಓಡುವ ಕೃತಕ ಎರೆ. ಹಸಿದ ಮೀನನ್ನು ಕೆರಳಿಸಿ ಕಚ್ಚಿಸುವುದು ಇದರ ಉಪಾಯ. ಎರಡನೆಯದು ನಾಜೂಕಿನ ಮಾರ್ಗ: ಹಗುರವಾದ ಕೋಲು, ತೆಳುವಾದ ದಾರ, ಎರಡು ಮೂರು ಗ್ರಾಂ ತೂಕ, ಕಿರುಬೆರಳಿನಷ್ಟು ಉದ್ದದ ಮೆತ್ತನೆಯ ಹುಳು. ತಿಳಿನೀರಿನಲ್ಲಿ, ದಿನವೂ ಹತ್ತು ಜನ ಗಾಳ ಎಸೆದುಹೋಗುವ ಕೆರೆಗಳಲ್ಲಿ, ಶೀತಗಾಳಿ ಬೀಸಿ ಆಕಾಶ ನೀಲಿಯಾಗಿ ಮೀನು ಮಂಕಾಗಿ ಕುಳಿತ ದಿನಗಳಲ್ಲಿ ಗದ್ದಲಕ್ಕೆ ಮೀನು ಹೆದರುತ್ತದೆ. ಮೆಲ್ಲನೆ ಅಲುಗಾಡುವ ಚಿಕ್ಕ ತುತ್ತಿಗೆ ಬಾಯಿ ತೆರೆಯುತ್ತದೆ.

ಮಲೆನಾಡಿನಲ್ಲಿ ಹುಟ್ಟಿದವರಿಗೆ ಇದೇನೂ ಹೊಸದಲ್ಲ. ವಾಟೆಯ ಕೋಲು, ಮಾರುದ್ದದ ದಾರ, ಬೆಂಡಿನ ತುಂಡು, ಅಡಿಕೆ ತೋಟದ ಹಸಿಮಣ್ಣಿನಿಂದ ಅಗೆದು ತೆಗೆದ ಎರೆಹುಳು. ಇವುಗಳೊಡನೆ ಹಳ್ಳದ ದಂಡೆಯಲ್ಲಿ ಉಸಿರು ಬಿಗಿಹಿಡಿದು ಕುಳಿತವರೆಲ್ಲ ಫಿನೆಸ್ ಪಂಡಿತರೇ! ಅಮೆರಿಕದವರು ಇದಕ್ಕೆ ಹೆಸರು ಕೊಟ್ಟು, ಕಾರ್ಬನ್ ನಾರಿನ ಕೋಲು ಮಾಡಿ, ಬೆಲೆ ಬರೆದು ಗೋಡೆಗೆ ನೇತುಹಾಕಿದ್ದಾರೆ ಅಷ್ಟೇ.

ನನ್ನ ವಿದ್ಯಾರ್ಥಿಗೆ ನಾನು ಹೇಳಿದ್ದು ನಾಜೂಕಿನ ಮಾರ್ಗವನ್ನೇ ಹಿಡಿ ಎಂದು. ಆದರೆ ಅದರ ಜೊತೆಗೆ ಒಂದು ಮಾತನ್ನೂ ಸೇರಿಸಿದೆ; ಈ ಬರಹದ ಹುರುಳೂ ಅದೇ. ನಾಜೂಕು ಎಂಬುದು ಮೀನಿನ ಬಾಯಿಗೆ ಗಾಳ ತಗಲುವವರೆಗೆ ಮಾತ್ರವಲ್ಲ, ಆ ಮೀನು ಮರಳಿ ನೀರಿಗೆ ಸೇರುವವರೆಗೂ ಇರಬೇಕು. ಸಾಮಾನನ್ನು ಆರಿಸುವಾಗ ಆ ಎರಡನೆಯ ಭಾಗವನ್ನು ನೆನೆದು ಆರಿಸಬೇಕು. ದಾರ ಎಷ್ಟು ತೆಳುವಾದರೆ ಅಷ್ಟು ಹೆಚ್ಚುಗಾರಿಕೆ ಎಂದು ಮೀಸೆ ತಿರುವುವವರನ್ನು ಕಂಡಿದ್ದೇನೆ. ಅವರ ವಾದವನ್ನು ನಾನು ಒಪ್ಪುವುದಿಲ್ಲ.

ಮೊದಲು ಸಾಮಾನಿನ ವಿಚಾರ. ಒಂದು ಕೋಲು ಸಾಕು. ಆರೂಮುಕ್ಕಾಲರಿಂದ ಏಳು ಅಡಿ ಉದ್ದದ್ದು. ಅದರ ಮೇಲೆ ಮೀಡಿಯಂ ಲೈಟ್ ಅಥವಾ ಮೀಡಿಯಂ ಎಂದೂ, ಫಾಸ್ಟ್ ಎಂದೂ ಬರೆದಿರಬೇಕು. ಮೊದಲನೆಯ ಪದ ಕೋಲಿನ ಬಲವನ್ನು ಹೇಳುತ್ತದೆ; ಎರಡನೆಯದು ಅದು ಎಲ್ಲಿ ಬಾಗುತ್ತದೆ ಎಂಬುದನ್ನು. ಫಾಸ್ಟ್ ಎಂದರೆ ತುದಿಯ ಭಾಗ ಮಾತ್ರ ಸುಲಭವಾಗಿ ಬಾಗಿ, ಕೆಳಭಾಗ ಬಿಗಿಯಾಗಿರುವುದು. ತುದಿ ನಿಮಗೆ ಸುದ್ದಿ ತಿಳಿಸುತ್ತದೆ, ಬುಡ ಮೀನನ್ನು ಎಳೆಯುತ್ತದೆ. ಇದಕ್ಕೆ 2500 ಎಂಬ ಗಾತ್ರದ ಸ್ಪಿನ್ನಿಂಗ್ ರೀಲ್ ಒಪ್ಪುತ್ತದೆ. ಬೇಟ್‌ಕಾಸ್ಟರ್ ಎಂಬ ಇನ್ನೊಂದು ಬಗೆಯ ರೀಲನ್ನು ಮಗುವಿನ ಕೈಗೆ ಕೊಟ್ಟರೆ ದಾರ ಹಕ್ಕಿಗೂಡಿನಂತೆ ಸಿಕ್ಕಾಗಿ, ಬಿಡಿಸುವುದರಲ್ಲಿ ತಂದೆಯ ಭಾನುವಾರ ಕಳೆದುಹೋಗುತ್ತದೆ. ಎರಡು ಗ್ರಾಮಿನ ತೂಕವನ್ನು ಎಸೆಯಲು ಸಾಮಾನ್ಯ ಬೇಟ್‌ಕಾಸ್ಟರ್ ತಕ್ಕುದೂ ಅಲ್ಲ.

ದಾರದ ವಿಷಯದಲ್ಲಿ ತುಸು ನಿಲ್ಲಬೇಕು. ಹೆಣೆದ ದಾರ, ಅಂದರೆ ಬ್ರೇಡ್, ಅದೇ ಬಲದ ನೈಲಾನಿಗಿಂತ ಬಹಳ ತೆಳು, ಹಿಗ್ಗುವುದಿಲ್ಲ, ಇಪ್ಪತ್ತು ಗಜ ದೂರದ ಸಣ್ಣ ತಟ್ಟುವಿಕೆಯೂ ಬೆರಳಿಗೆ ತಿಳಿಯುತ್ತದೆ. ಆದರೆ ನೀರಿನಲ್ಲಿ ಎದ್ದು ಕಾಣುತ್ತದೆ. ಆದ್ದರಿಂದ ರೀಲಿನ ತುಂಬ ಹತ್ತು ಪೌಂಡಿನ ಬ್ರೇಡ್ ಸುತ್ತಿ, ತುದಿಗೆ ಎಂಟು ಹತ್ತು ಅಡಿ ಫ್ಲೂರೋಕಾರ್ಬನ್ ದಾರವನ್ನು ಗಂಟುಹಾಕುವುದು ಇಂದಿನ ರೂಢಿ. ಈ ಫ್ಲೂರೋಕಾರ್ಬನ್ ನೀರಿನಲ್ಲಿ ಮಾಯವಾಗುತ್ತದೆಂದು ಜಾಹೀರಾತುಗಳು ಹೇಳುತ್ತವೆ. ಒಂಬತ್ತನೆಯ ತರಗತಿಯಲ್ಲಿ ಗ್ಲಿಸರಿನ್ ತುಂಬಿದ ಬೀಕರಿನಲ್ಲಿ ಗಾಜಿನ ಕಡ್ಡಿಯನ್ನು ಇಳಿಸಿ ತೋರಿಸಿದ್ದು ನಿಮಗೆ ನೆನಪಿರಬಹುದು. ಎರಡರ ವಕ್ರೀಭವನ ಸೂಚ್ಯಂಕಗಳು ಹತ್ತಿರ ಹತ್ತಿರ ಇದ್ದುದರಿಂದ ಕಡ್ಡಿ ಕಣ್ಣಿಗೆ ಕಾಣದಂತಾಗುತ್ತಿತ್ತು. ನೀರಿನ ಸೂಚ್ಯಂಕ 1.33, ಫ್ಲೂರೋಕಾರ್ಬನ್ನಿನದು ಸುಮಾರು 1.42, ನೈಲಾನಿನದು ಒಂದೂವರೆಗಿಂತ ಸ್ವಲ್ಪ ಹೆಚ್ಚು. ಹತ್ತಿರ ಬಂದಿದೆ, ಕೂಡಿಲ್ಲ. ಕಡಿಮೆ ಕಾಣುತ್ತದೆ ಎಂದರೆ ಸತ್ಯ, ಕಾಣುವುದೇ ಇಲ್ಲ ಎಂದರೆ ವ್ಯಾಪಾರ. ಅದರ ನಿಜವಾದ ಗುಣ ಬೇರೆ: ಅದು ನೀರಿಗಿಂತ ಸಾಂದ್ರ, ಮುಳುಗುತ್ತದೆ, ಕಲ್ಲಿಗೆ ಉಜ್ಜಿದರೂ ಬೇಗ ಸವೆಯುವುದಿಲ್ಲ.

ಎಷ್ಟು ಪೌಂಡಿನದು? ನಾಲ್ಕು ಪೌಂಡಿನ ದಾರದಲ್ಲಿ ದೊಡ್ಡ ಬಾಸನ್ನು ಹತ್ತು ಹದಿನೈದು ನಿಮಿಷ ಆಟವಾಡಿಸಿ ದಂಡೆಗೆ ತಂದೆನೆಂದು ಹೇಳಿಕೊಳ್ಳುವವರಿದ್ದಾರೆ. ಆಟ ಯಾರಿಗೆ? ಜುಲೈ ತಿಂಗಳಿನಲ್ಲಿ ಟೆಕ್ಸಾಸಿನ ಕೆರೆಯ ಮೇಲ್ನೀರು 30 ಡಿಗ್ರಿ ಸೆಲ್ಸಿಯಸ್ ತಲುಪುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಯದು ಸುಮಾರು ಏಳೂವರೆ ಮಾತ್ರ. ಬಿಸಿಲಿಗೆ ಮೀನಿನ ಉಸಿರಾಟದ ಅಗತ್ಯ ಹೆಚ್ಚಿರುವ ಹೊತ್ತಿನಲ್ಲೇ ನೀರಿನಲ್ಲಿ ಉಸಿರು ಕಡಿಮೆ. ಅಂಥ ಮೀನನ್ನು ಸೋತು ಸುಣ್ಣವಾಗುವವರೆಗೆ ಓಡಿಸಿ, ಮೇಲೆತ್ತಿ ಫೋಟೋ ತೆಗೆದು, ಮತ್ತೆ ನೀರಿಗೆ ಬಿಟ್ಟರೆ ಅದು ಈಜಿ ಹೋದದ್ದು ಮಾತ್ರ ನಮಗೆ ಕಾಣುತ್ತದೆ. ಎಂಟು ಪೌಂಡಿನ ತುದಿದಾರವಿದ್ದರೆ ಒಂದೆರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಆರಕ್ಕಿಂತ ಕೆಳಗೆ ಇಳಿಯಬೇಡಿ. ಬೇಸಿಗೆಯಲ್ಲಿ ಬೆಳಗಿನ ಹೊತ್ತು ಮಾತ್ರ ಹೋಗಿ.

ರೀಲಿನಲ್ಲಿ ಡ್ರ್ಯಾಗ್ ಎಂಬ ತಿರುಪು ಇದೆ. ಮೀನು ಜೋರಾಗಿ ಎಳೆದಾಗ ದಾರ ಜಾರಿ ಹೋಗಲು ಬಿಡುವ ಬ್ರೇಕು ಅದು. ಅದನ್ನು ದಾರದ ಬಲದ ಕಾಲುಭಾಗಕ್ಕೆ ಹೊಂದಿಸಬೇಕೆಂಬುದು ವಾಡಿಕೆ. ಅಂದಾಜಿನಿಂದ ತಿರುಗಿಸುವ ಬದಲು ಸ್ಪ್ರಿಂಗ್ ತ್ರಾಸಿಗೆ ದಾರ ಕಟ್ಟಿ ಎಳೆದು ನೋಡಿ. ಎಂಟು ಪೌಂಡಿನ ದಾರಕ್ಕೆ ಎರಡು ಪೌಂಡ್, ಅಂದರೆ ಸುಮಾರು 900 ಗ್ರಾಂ ತೋರಿಸುವಾಗ ಜಾರಬೇಕು. ಹುಡುಗನಿಗೆ ಭೌತಶಾಸ್ತ್ರದ ಒಂದು ಪಾಠವೂ ಆಯಿತು.

ಇನ್ನು ಹುಳುವನ್ನು ಕಟ್ಟುವ ವಿಧಾನಗಳು. ಹೆಸರುಗಳು ಬಹಳ, ಬೇಕಾದವು ಎರಡು ಮೂರು.

ಮೊದಲು ಕಲಿಯಬೇಕಾದದ್ದು ನೆಡ್ ರಿಗ್. ಕಾನ್ಸಾಸ್ ರಾಜ್ಯದ ಲೇಖಕ ನೆಡ್ ಕೆಡಿ ಅವರ ಹೆಸರು ಇದಕ್ಕೆ ಅಂಟಿಕೊಂಡಿದೆ. ಅವರಾದರೋ ಈ ಕೀರ್ತಿಯನ್ನು ಕಾನ್ಸಾಸ್ ಸಿಟಿಯ ಚಕ್ ವುಡ್ಸ್ ಎಂಬ ಹಿಂದಿನ ತಲೆಮಾರಿನ ಗಾಳಗಾರರಿಗೆ ಸಲ್ಲಿಸುತ್ತ ಬಂದವರು. ಆ ಗುಣ ನನಗೆ ಹಿಡಿಸಿತು. ಅಣಬೆಯ ಆಕಾರದ ಚಿಕ್ಕ ತಲೆ, ಒಂದೂಮುಕ್ಕಾಲರಿಂದ ಮೂರು ಗ್ರಾಂ ತೂಕ, ಅದಕ್ಕೆ ಸಿಕ್ಕಿಸಿದ ಎರಡೂಮುಕ್ಕಾಲು ಇಂಚಿನ ಹುಳು. ತೇಲುವ ಗುಣದ ಪ್ಲಾಸ್ಟಿಕ್ಕಾದರೆ ತಲೆ ತಳಕ್ಕೆ ತಾಗಿದಾಗ ಬಾಲ ಮೇಲಕ್ಕೆದ್ದು ನಿಲ್ಲುತ್ತದೆ, ತಳದಲ್ಲಿ ಮೇಯುವ ಮರಿಮೀನಿನಂತೆ. ಎಸೆಯುವುದು, ಮುಳುಗಲು ಬಿಡುವುದು, ಮೆಲ್ಲಗೆ ಎಳೆಯುವುದು, ಸುಮ್ಮನಿರುವುದು. ಸುಮ್ಮನಿರುವುದೇ ಹತ್ತು ವರ್ಷದ ಹುಡುಗನಿಗೆ ಕಷ್ಟ, ಅದನ್ನು ಕಲಿಯುತ್ತಾನೆ. (ಒಂದು ಎಚ್ಚರಿಕೆ: ಈ ತೇಲುವ ಹುಳುಗಳನ್ನು ಬೇರೆ ಜಾತಿಯ ಹುಳುಗಳೊಡನೆ ಒಂದೇ ಡಬ್ಬಿಯಲ್ಲಿಟ್ಟರೆ ಎರಡೂ ಕರಗಿ ಹಲ್ವದಂತಾಗುತ್ತವೆ.)

ಎರಡನೆಯದು ಡ್ರಾಪ್ ಶಾಟ್. ಇಲ್ಲಿ ತೂಕ ದಾರದ ತುದಿಯಲ್ಲಿ, ಗಾಳ ಅದಕ್ಕಿಂತ ಒಂದೊಂದೂವರೆ ಅಡಿ ಮೇಲೆ. ತೂಕ ತಳದಲ್ಲಿ ಕುಳಿತಿರುತ್ತದೆ; ಹುಳು ಮೀನಿನ ಕಣ್ಣಿನ ಮಟ್ಟದಲ್ಲಿ ಇದ್ದಲ್ಲೇ ಇದ್ದು ನಡುಗುತ್ತಿರುತ್ತದೆ. ಜಪಾನಿನಲ್ಲಿ ಬೆಳೆದ ಈ ವಿಧಾನ 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಆಳವಾದ ಜಲಾಶಯಗಳಿಗೆ ಬಂತು. ಆಸ್ಟಿನ್ನಿನ ಬಳಿಯ ಲೇಕ್ ಟ್ರಾವಿಸ್ ಸುಣ್ಣಕಲ್ಲಿನ ತಳದ ತಿಳಿನೀರಿನ ಜಲಾಶಯವಾದ್ದರಿಂದ ಅಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಆದರೆ ಬಹಳ ಆಳದಿಂದ ಮೇಲೆಳೆದ ಮೀನಿನ ಗಾಳಿಚೀಲ ಒತ್ತಡ ಇಳಿದಂತೆ ಉಬ್ಬುತ್ತದೆ, ಬಿಟ್ಟರೂ ಅದು ಕೆಳಗಿಳಿಯಲಾರದೆ ತೇಲುತ್ತದೆ. ಬಾಯ್ಲನ ನಿಯಮ ಓದಿದವರಿಗೆ ಹೆಚ್ಚು ಹೇಳಬೇಕಿಲ್ಲ. ಮೂವತ್ತು ಅಡಿಗಿಂತ ಆಳಕ್ಕೆ ಹೋಗದಿರುವುದು ಒಳ್ಳೆಯದು.

ಮೂರನೆಯದು ವ್ಯಾಕಿ ರಿಗ್. ಗ್ಯಾರಿ ಯಮಮೊಟೊ ರೂಪಿಸಿದ ಸೆಂಕೊ ಎಂಬ ಸಾದಾ ಕಡ್ಡಿಯಂಥ ಹುಳುವನ್ನು ಸರಿಯಾಗಿ ನಡುವಿಗೆ ಚುಚ್ಚಿ ಎಸೆಯುವುದು. ನಾವು ಏನೂ ಮಾಡಬೇಕಿಲ್ಲ. ಮುಳುಗುತ್ತ ಹೋಗುವಾಗ ಎರಡು ತುದಿಗಳೂ ತಾವೇ ನಡುಗುತ್ತವೆ. ಇಷ್ಟು ಸುಲಭವಾಗಿ ಬಾಸ್ ಹಿಡಿಯುವ ಇನ್ನೊಂದು ಉಪಾಯ ನನಗೆ ತಿಳಿಯದು. ಆದರೂ ಮಕ್ಕಳ ಕೈಗೆ ಇದನ್ನು ಮೊದಲು ಕೊಡಬೇಡಿ ಎನ್ನುತ್ತೇನೆ.

ಕಾರಣ ಹೇಳುತ್ತೇನೆ. ಬಾಸ್ ಮೀನು ಹಲ್ಲಿನಿಂದ ಕಚ್ಚಿ ತಿನ್ನುವ ಪ್ರಾಣಿಯಲ್ಲ. ಬಾಯಿಯನ್ನು ಥಟ್ಟನೆ ಅಗಲಿಸಿ ನೀರಿನೊಡನೆ ತುತ್ತನ್ನು ಒಳಗೆ ಎಳೆದುಕೊಳ್ಳುತ್ತದೆ. ಗಡುಸಾದ ಎರೆಯಾದರೆ ಮರದ ತುಂಡೆಂದು ತಿಳಿದು ಕೂಡಲೇ ಉಗುಳುತ್ತದೆ. ಮೆತ್ತನೆಯ ಹುಳುವಾದರೆ ನಿಜವಾದ ಆಹಾರವೆಂದು ನುಂಗುತ್ತದೆ. ದಾರ ಸಡಿಲಾಗಿದ್ದು ನಮ್ಮ ಗಮನ ಬೇರೆಡೆ ಇದ್ದರೆ ಗಾಳ ತುಟಿಯಲ್ಲಿ ನಿಲ್ಲದೆ ಗಂಟಲಿಗೆ ಇಳಿದಿರುತ್ತದೆ. ತುಟಿಗೆ ಸಿಕ್ಕ ಮೀನು ಬದುಕುವುದು ಸಾಮಾನ್ಯ; ಗಂಟಲಿಗೋ ಕಿವಿರಿಗೋ ಸಿಕ್ಕ ಮೀನು ಸಾಯುವ ಸಂಭವ ಅದಕ್ಕಿಂತ ಬಹಳ ಹೆಚ್ಚು. ನಾಜೂಕಿನ ಮಾರ್ಗದ ಬಗ್ಗೆ ಅಂಗಡಿಯವರು ಹೇಳದ ವಿಷಯ ಇದು. ನೋಡಲು ಸೌಮ್ಯವಾದ ಉಪಾಯವೇ ಎಚ್ಚರ ತಪ್ಪಿದರೆ ಹೆಚ್ಚು ಕ್ರೂರ. ಆದ್ದರಿಂದಲೇ ನೆಡ್ ರಿಗ್ ಮೊದಲು: ಅದರ ತೂಕ ಗಾಳದ ತಲೆಯಲ್ಲೇ ಇದೆ, ದಾರ ಹೆಚ್ಚು ಬಿಗಿಯಾಗಿರುತ್ತದೆ, ಸುದ್ದಿ ಬೇಗ ಬರುತ್ತದೆ. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿ. ತಟ್ಟಿದ ಕೂಡಲೇ ಕೋಲನ್ನು ಮರ ಕಡಿಯುವವರಂತೆ ಝಾಡಿಸದೆ, ರೀಲು ಸುತ್ತುತ್ತ ಪಕ್ಕಕ್ಕೆ ಮೆಲ್ಲನೆ ಸೆಳೆಯಿರಿ. ಸಣ್ಣ ಗಾಳ ತಾನೇ ತುಟಿಗೆ ನೆಡುತ್ತದೆ. ಆದರೂ ಗಂಟಲಿಗೆ ಇಳಿದಿದ್ದು ಸುಲಭವಾಗಿ ಬಾರದಿದ್ದರೆ ಕಿತ್ತಾಡದೆ ದಾರವನ್ನೇ ಕತ್ತರಿಸಿ ಬಿಡುವುದು ಮೇಲು. ಮೀನನ್ನು ಮುಟ್ಟುವ ಮುನ್ನ ಕೈ ಒದ್ದೆಮಾಡಿಕೊಳ್ಳಿ, ದವಡೆಯೊಂದರಿಂದಲೇ ಅಡ್ಡಡ್ಡ ಎತ್ತಿ ಹಿಡಿಯದೆ ಹೊಟ್ಟೆಗೂ ಕೈ ಕೊಡಿ.

ಇದಕ್ಕಿಂತ ಮುಖ್ಯವಾದದ್ದು ಋತು. ವಸಂತದಲ್ಲಿ ನೀರು ಹದಿನಾರು ಹದಿನೆಂಟು ಡಿಗ್ರಿಗೆ ಬಂದಾಗ ಗಂಡು ಬಾಸ್ ದಂಡೆಯ ಹತ್ತಿರದ ತೆಳುನೀರಿನಲ್ಲಿ ಬಾಲದಿಂದ ಗುಡಿಸಿ ಬಟ್ಟಲಿನಂಥ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಕಾವಲಿಗೆ ನಿಲ್ಲುವುದು ಗಂಡು. ಊಟವನ್ನೂ ಹೆಚ್ಚುಕಡಿಮೆ ಬಿಟ್ಟು ಮೊಟ್ಟೆಗಳಿಗೆ ಬಾಲದಿಂದ ಗಾಳಿ ಹಾಕುತ್ತ, ಹತ್ತಿರ ಬಂದ ಬ್ಲೂಗಿಲ್ ಮೀನುಗಳನ್ನು ಅಟ್ಟುತ್ತ ಮರಿಗಳು ಈಜುವವರೆಗೆ ಅಲ್ಲೇ ಇರುತ್ತದೆ. ತಿಳಿನೀರಿನಲ್ಲಿ ಈ ಗೂಡು ದಂಡೆಯ ಮೇಲಿನಿಂದಲೇ ಕಾಣುತ್ತದೆ. ಅದರ ನಡುವೆ ಒಂದು ಡ್ರಾಪ್ ಶಾಟ್ ಇಳಿಸಿ ನಡುಗಿಸುತ್ತಿದ್ದರೆ ಆ ತಂದೆ ಹಸಿವಿನಿಂದಲ್ಲ, ಕಾವಲಿನ ಕೋಪದಿಂದ ಅದನ್ನು ಬಾಯಲ್ಲಿ ಕಚ್ಚಿ ಹೊರಹಾಕಲು ಬರುತ್ತದೆ. ಅದನ್ನು ಹಿಡಿದು, ಫೋಟೋ ತೆಗೆದು, ಗೌರವದಿಂದಲೇ ಬಿಟ್ಟೆವೆನ್ನಿ. ಅಷ್ಟರೊಳಗೆ ಬ್ಲೂಗಿಲ್‌ಗಳು ಗೂಡಿಗೆ ನುಗ್ಗಿ ಮೊಟ್ಟೆಗಳನ್ನು ಮುಕ್ಕಿರುತ್ತವೆ. ಕಾನೂನು ಇದನ್ನು ಎಲ್ಲ ಕಡೆಯೂ ತಡೆಯುವುದಿಲ್ಲ. ಟೆಕ್ಸಾಸಿನಲ್ಲಂತೂ ಬಾಸ್ ಹಿಡಿಯಲು ವರ್ಷವಿಡೀ ಅವಕಾಶವಿದೆ. ಇದನ್ನೂ ಕೌಶಲವೆಂದು ಹೊಗಳುವುದನ್ನು ನಾನು ಕೇಳಿದ್ದೇನೆ. ಗೂಡಿನ ಮೇಲಿನ ಮೀನನ್ನು ಹಿಡಿಯಲು ಕೌಶಲ ಬೇಕಿಲ್ಲ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಹುಡುಗನಿಗೆ ಗೂಡನ್ನು ತೋರಿಸಿ, ಕಾವಲಿನ ಮೀನನ್ನು ತೋರಿಸಿ, ಗಾಳವನ್ನು ಬೇರೆಡೆ ಎಸೆಯಿರಿ.

ಊರಿನಲ್ಲಿರುವ ನನ್ನ ತಂಗಿ ಪ್ರತಿ ವರ್ಷವೂ ಕೇಳುವ ಪ್ರಶ್ನೆಯೊಂದಿದೆ: "ತಿನ್ನುವುದಿಲ್ಲ ಎಂದ ಮೇಲೆ ಹಿಡಿಯುವುದೇಕೆ? ಬಿಡುವುದಕ್ಕಾಗಿ ಹಿಡಿಯುವುದು ಯಾವ ನ್ಯಾಯ?" ಪ್ರಶ್ನೆ ಹರಿತವಾದದ್ದು. ಹಿಡಿದು ಬಿಡುವ ಪದ್ಧತಿ ಬಾಸ್ ಸ್ಪರ್ಧೆಗಳಲ್ಲಿ ಬೇರೂರಿದ್ದು 1972ರಿಂದ ಈಚೆಗೆ. ಬಾಸ್ ಗಾಳಗಾರರ ಸಂಘವನ್ನು ಕಟ್ಟಿದ ರೇ ಸ್ಕಾಟ್, ಹಿಡಿದದ್ದನ್ನು ಕೊಲ್ಲಬೇಡಿ ಎಂದು ಪ್ರಚಾರ ಆರಂಭಿಸಿದ ವರ್ಷ ಅದು. ಅದಕ್ಕೆ ಮುಂಚೆ ಸ್ಪರ್ಧೆ ಮುಗಿದಾಗ ಸತ್ತ ಮೀನುಗಳ ಮಾಲೆಗಳನ್ನು ಹಿಡಿದು ನಿಲ್ಲುತ್ತಿದ್ದರು. ಆ ಬದಲಾವಣೆಯಿಂದ ಕೆರೆಗಳಿಗೆ ಒಳ್ಳೆಯದಾಗಿದೆ. ಆದರೆ ಬಿಟ್ಟುಬಿಟ್ಟೆ ಎಂಬ ಒಂದೇ ಮಾತಿನಿಂದ ನಮ್ಮ ಲೆಕ್ಕ ಚುಕ್ತಾ ಆಗುವುದಿಲ್ಲ ಎಂಬುದರಲ್ಲಿ ತಂಗಿಯ ಪಕ್ಷ ನಾನು. ತನ್ನ ಸಂತೋಷಕ್ಕಾಗಿ ಒಂದು ಜೀವಿಯ ತುಟಿಗೆ ಕಬ್ಬಿಣ ಚುಚ್ಚಿದವನು ಅದಕ್ಕೆ ಸಾಲಗಾರ. ಸಾಮಾನಿನ ಆಯ್ಕೆ ಆ ಸಾಲದ ಮೊದಲ ಕಂತು. ಗಾಳ ಗಂಟಲಿಗಿಳಿದು ರಕ್ತ ಸೋರುತ್ತಿರುವ ಮೀನು ಟೆಕ್ಸಾಸಿನ ಸಾಮಾನ್ಯ ನಿಯಮದಂತೆ 14 ಇಂಚು ತುಂಬಿದ್ದರೆ ಅದನ್ನು ಮನೆಗೆ ತಂದು ಹುರಿದು ತಿನ್ನುವುದು, ಸಾಯಲೆಂದು ನೀರಿಗೆ ಬಿಡುವುದಕ್ಕಿಂತ ಪ್ರಾಮಾಣಿಕವಾದದ್ದು ಎಂದೇ ನನ್ನ ಅಭಿಪ್ರಾಯ.

ಬಿಡುವುದೇ ಎಲ್ಲೆಡೆಯೂ ಧರ್ಮವೆಂದೂ ಹೇಳಲಾಗದು. ಡ್ರಾಪ್ ಶಾಟ್ ಹುಟ್ಟಿದ ಜಪಾನಿನಲ್ಲಿ ದೊಡ್ಡಬಾಯಿ ಬಾಸ್ ಪರದೇಶದ ಮೀನು. 1925ರಲ್ಲಿ ಅಮೆರಿಕದಿಂದ ತಂದು ಆಶಿ ಸರೋವರಕ್ಕೆ ಬಿಟ್ಟದ್ದು. ಅದು ಸ್ಥಳೀಯ ಮೀನುಗಳನ್ನು ತಿಂದು ಬೆಳೆಯಿತು. ಬಿವಾ ಸರೋವರವಿರುವ ಶಿಗ ಪ್ರಾಂತ್ಯದಲ್ಲಿ ಹಿಡಿದ ಬಾಸನ್ನು ಮರಳಿ ನೀರಿಗೆ ಬಿಡುವುದನ್ನು 2003ರಿಂದ ನಿಷೇಧಿಸಿದ್ದಾರೆ. ಅದೇ ಬಿವಾದಲ್ಲಿ 2009ರಲ್ಲಿ ಮನಾಬು ಕುರಿಟ ಹಿಡಿದ ಹತ್ತು ಕಿಲೋ ಮೀರಿದ ಬಾಸ್, ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ 1932ರಲ್ಲಿ ಹಿಡಿದ ಮೀನಿನ ವಿಶ್ವದಾಖಲೆಗೆ ಸಮನಾಯಿತು. ಆಸ್ಟಿನ್ನಿನ ಸುತ್ತಣ ಗುಡ್ಡನಾಡಿನ ಹೊಳೆಗಳಲ್ಲಿ ಟೆಕ್ಸಾಸಿಗೇ ವಿಶಿಷ್ಟವಾದ ಗ್ವಾಡಲೂಪ್ ಬಾಸ್ ಇದೆ. ಹೊರಗಿನಿಂದ ತಂದುಬಿಟ್ಟ ಚಿಕ್ಕಬಾಯಿ ಬಾಸಿನೊಡನೆ ಬೆರೆತು ಅದರ ಶುದ್ಧ ವಂಶವೇ ಸಂಕಟಕ್ಕೆ ಸಿಕ್ಕಿತು. ನಮ್ಮಲ್ಲಿಯೂ ಕಾವೇರಿಯ ದೊಡ್ಡ ಮಹಶೀರ್, 2018ರಲ್ಲಿ ತೀವ್ರ ಅಪಾಯದ ಪಟ್ಟಿ ಸೇರಿದ ಮೀನು, ಇಂಥದೇ ಕಥೆಯ ಪಾತ್ರ. ಬಾಸ್ ಮರಿ ತಂದು ಊರ ಕೆರೆಗೆ ಬಿಟ್ಟರೆ ಹೇಗೆ ಎಂದು ಒಬ್ಬರು ಕೇಳಿದ್ದುಂಟು. ದಯವಿಟ್ಟು ಬೇಡ.

ಸೀಸದ ಬಗ್ಗೆ ಒಂದು ಮಾತು. ನಾಜೂಕಿನ ಗಾಳಕ್ಕೆ ಬೇಕಾದ ಪುಟ್ಟ ತೂಕಗಳೇ ಹಕ್ಕಿಗಳು ನುಂಗುವ ಗಾತ್ರದವು. ಅಮೆರಿಕದ ಈಶಾನ್ಯ ರಾಜ್ಯಗಳ ಕೆರೆಗಳಲ್ಲಿ ಲೂನ್ ಎಂಬ ಸುಂದರವಾದ ಮುಳುಗುಹಕ್ಕಿ ಕಲ್ಲುಹರಳೆಂದು ತಿಳಿದು ಒಂದು ಸೀಸದ ಗುಂಡನ್ನು ನುಂಗಿದರೂ ವಿಷವೇರಿ ಸಾಯುತ್ತದೆ. ನ್ಯೂ ಹ್ಯಾಂಪ್‌ಷೈರ್, ಮೇನ್ ಮುಂತಾದ ರಾಜ್ಯಗಳು ಚಿಕ್ಕ ಸೀಸದ ತೂಕಗಳನ್ನು ನಿರ್ಬಂಧಿಸಿರುವುದು ಅದಕ್ಕೇ. ಹಂಸಗಳ ಸಾವಿನಿಂದಾಗಿ ಬ್ರಿಟನ್ 1987ರಲ್ಲಿಯೇ ನಿಷೇಧ ತಂದಿತು. ನಿಮ್ಮ ರಾಜ್ಯದ ಕಾನೂನು ಏನೇ ಇರಲಿ, ಟಂಗ್‌ಸ್ಟನ್ ಕೊಳ್ಳಿ. ಬೆಲೆ ಹೆಚ್ಚು. ಆದರೆ ಸೀಸದ ಸಾಂದ್ರತೆ 11.3, ಟಂಗ್‌ಸ್ಟನ್ನಿನದು 19.3, ಅಷ್ಟೇ ತೂಕಕ್ಕೆ ಗಾತ್ರ ಚಿಕ್ಕದು, ಗಡುಸಾದ್ದರಿಂದ ತಳ ಕಲ್ಲೋ ಕೆಸರೋ ಎಂಬುದೂ ಬೆರಳಿಗೆ ಸ್ಪಷ್ಟವಾಗುತ್ತದೆ. ಸೀಸದ ಗುಂಡನ್ನು ಹಲ್ಲಿನಿಂದ ಕಚ್ಚಿ ದಾರಕ್ಕೆ ಬಿಗಿಯುವ ಅಭ್ಯಾಸವನ್ನಂತೂ ಮಗುವಿಗೆ ಕಲಿಸಲೇಬೇಡಿ.

ನಾಜೂಕು ಎಲ್ಲ ಕಡೆಯೂ ಗೆಲ್ಲುತ್ತದೆಂದು ನಾನು ಹೇಳುತ್ತಿಲ್ಲ. ಮಳೆ ಬಂದು ಕೆಂಪಾದ ನೀರಿನಲ್ಲಿ ಮೀನಿಗೆ ಎರಡು ಇಂಚಿನ ಹುಳು ಕಾಣುವುದೂ ಇಲ್ಲ, ಅದರ ಅಲುಗಾಟ ತಿಳಿಯುವುದೂ ಇಲ್ಲ. ಅಲ್ಲಿ ತಗಡು ಮಿನುಗಿಸುತ್ತ ನೀರು ಅಲುಗಿಸುವ ಎರೆಯೇ ಬೇಕು. ಜೊಂಡು ತುಂಬಿದ ಕಡೆ ಎಂಟು ಪೌಂಡಿನ ದಾರ ಹಾಕಿದರೆ ಮೀನು ಜೊಂಡಿಗೆ ಸುತ್ತಿಕೊಂಡು ದಾರ ಹರಿದು, ಗಾಳ ಬಾಯಲ್ಲೇ ಉಳಿದು ಹೋಗುತ್ತದೆ. ಅಲ್ಲಿ ದಪ್ಪ ದಾರವೇ ದಯೆ. ಹಾಗೆಂದು ದೊಡ್ಡ ಮೀನಿಗೆ ದೊಡ್ಡ ಎರೆಯೇ ಬೇಕೆಂಬುದೂ ಸುಳ್ಳು. ಟೆಕ್ಸಾಸಿನ ಲೇಕ್ ಫೋರ್ಕ್‌ನಲ್ಲಿ 1992ರ ಜನವರಿಯಲ್ಲಿ ಬ್ಯಾರಿ ಸೇಂಟ್ ಕ್ಲೇರ್ ಹಿಡಿದ 18.18 ಪೌಂಡಿನ ಬಾಸ್ ಆ ರಾಜ್ಯದ ದಾಖಲೆ. ಅವರು ಅಂದು ಹಾಕಿದ್ದು ಕ್ರ್ಯಾಪಿ ಎಂಬ ಅಂಗೈಯಗಲದ ಮೀನಿಗೆಂದು ಸಿಕ್ಕಿಸಿದ ಒಂದು ಪುಟ್ಟ ಮರಿಮೀನನ್ನು!

ಕೊನೆಗೆ ಕೊಳ್ಳಬೇಕಾದ ಪಟ್ಟಿ ನೋಡಿದರೆ ಒಂದು ಕೋಲು, ಒಂದು ರೀಲು, ಎರಡು ಬಗೆಯ ದಾರ, ಎರಡು ಪೊಟ್ಟಣ ಹುಳು, ಒಂದಷ್ಟು ಟಂಗ್‌ಸ್ಟನ್, ಒಂದು ಉದ್ದಮೂಗಿನ ಇಕ್ಕಳ. ಹುಳುವಿನ ಬಣ್ಣ ಹಸಿರು ಕುಂಬಳದ್ದು ಒಂದು, ಕಪ್ಪು ಒಂದು. ಉಳಿದ ಎಪ್ಪತ್ತು ಬಣ್ಣಗಳು ಮನುಷ್ಯರನ್ನು ಹಿಡಿಯುವುದಕ್ಕಾಗಿ ಇರುವಂಥವು. ಟೆಕ್ಸಾಸಿನಲ್ಲಿ ಹದಿನೇಳು ವರ್ಷದ ಒಳಗಿನವರಿಗೆ ಪರವಾನಗಿ ಬೇಡ, ತಂದೆ ತಾನೂ ಗಾಳ ಹಾಕುವುದಾದರೆ ತೆಗೆದುಕೊಳ್ಳಬೇಕು. ಹರಿದ ಹುಳುಗಳನ್ನು ನೀರಿಗೆ ಎಸೆಯಬೇಡಿ. ಮೀನುಗಳು ಅವನ್ನು ನುಂಗುತ್ತವೆ, ಅವು ಹೊಟ್ಟೆಯಲ್ಲಿ ಉಬ್ಬಿ ಕುಳಿತುಬಿಡುತ್ತವೆ. ಮುಚ್ಚಳವಿರುವ ಒಂದು ಖಾಲಿ ಡಬ್ಬಿಯನ್ನು ಹುಡುಗನ ಚೀಲದಲ್ಲಿಡಿ, ಹರಿದ ಹುಳು, ದಾರದ ತುಂಡು ಎಲ್ಲವನ್ನೂ ಅದರಲ್ಲಿ ಹಾಕಿ ಮನೆಗೆ ತರಲಿ.